ಹರಳೆಣ್ಣೆ ಕುಡಿದ ಬೆಲ್ಟು

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿದುಕುತ್ತ ಹಿತ್ತಿಲ ಬಾಗಿಲಲ್ಲಿ ಕೂತಿದ್ದೆ. ಎರಡು ಸೇರು ಕಾಳು. ಒಂದೊಂದನ್ನೂ ಬೆರಳ ಸಂದಿಯಲ್ಲಿ ಒತ್ತಿ, ಬೇಳೆಯನ್ನು ಪಾತ್ರೆಗೂ ಸಿಪ್ಪೆಯನ್ನು ಪಕ್ಕಕ್ಕೂ ಹಾಕಬೇಕು. ತಿನ್ನುವವರಿಗೆ ಐದು ನಿಮಿಷದ ಸಾರು, ಮಾಡುವವಳಿಗೆ ಅರ್ಧ ದಿನದ ಸೊಂಟನೋವು. ಆದರೂ ಚಳಿಗಾಲದಲ್ಲಿ ಒಳ್ಳೆ ಸೊಗಡಿನ ಅವರೆ ಸಿಕ್ಕಿದೆಯಲ್ಲ, ಅದೇ ದೇವರ ದಯೆ ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ರೀ, ಆರಾಮಾಗಿ ಕೂತಿದೀರಾ? ಹತ್ತರಿಂದ ನಾಲ್ಕರ ತಂಕ ಕರೆಂಟಿಲ್ವಂತೆ. ಲೈನ್ ಕೆಲಸ ಇದೆಯಂತೆ. ಗ್ರೂಪಲ್ಲಿ ನಿನ್ನೇನೇ ಹಾಕಿದ್ರಲ್ಲ, ನೋಡ್ಲಿಲ್ವಾ?"

ನೋಡಿರಲಿಲ್ಲ. ನಮ್ಮ ಬೀದಿಯ ಆ ಗ್ರೂಪಿನಲ್ಲಿ ಬೆಳಗಾದರೆ ಶುಭೋದಯ ಹೇಳುವ ದೇವರ ಪಟಗಳು ನಲವತ್ತು ಬಂದು ಬೀಳುತ್ತವೆ. ನಾನು ದೈವಭಕ್ತಳೇ, ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬರುವವಳೇ. ಆದರೂ ಹಲ್ಲುಜ್ಜುವ ಮುಂಚೆ ನಲವತ್ತು ದೇವರಿಗೆ ಕೈಮುಗಿಯುವಷ್ಟು ಪುರುಸೊತ್ತು ನನಗಿಲ್ಲ. ಆ ನಲವತ್ತರ ಕೆಳಗೆ ಕರೆಂಟಿನ ವಿಷಯ ಹೂತುಹೋಗಿತ್ತು.

ಗಡಿಯಾರ ನೋಡಿದೆ. ಒಂಬತ್ತೂ ಮುಕ್ಕಾಲು. ಕೈಯಲ್ಲಿದ್ದ ಕಾಳು ಹಾಗೇ ಕೆಳಗೆ ಬಿತ್ತು.

ಬೇರೆ ದಿನವಾಗಿದ್ದರೆ ಕರೆಂಟು ಹೋದರೆ ಹೋಗಲಿ ಅನ್ನುತ್ತಿದ್ದೆ. ಆದರೆ ನಮ್ಮ ನಡುಮನೆಯ ಮಂಚದ ಮೇಲೆ ಅತ್ತಿಗೆ ಇದ್ದರು, ಅಂದರೆ ನನ್ನ ಗಂಡನ ಅಕ್ಕ. ಅವರ ಶ್ವಾಸಕೋಶ ಎರಡು ವರ್ಷದಿಂದ ಸರಿಯಿಲ್ಲ. ಮಂಚದ ಪಕ್ಕದಲ್ಲಿ ಸಣ್ಣ ಬೀರುವಿನಷ್ಟು ಗಾತ್ರದ ಒಂದು ಮಿಷನ್ನು. ಅದು ಗಾಳಿಯನ್ನು ಎಳೆದುಕೊಂಡು, ಆಕ್ಸಿಜನ್ನನ್ನು ಬೇರೆ ಮಾಡಿ, ಒಂದು ಟ್ಯೂಬಿನಲ್ಲಿ ಅವರ ಮೂಗಿಗೆ ಕಳಿಸುತ್ತದೆ. ಅದು ಓಡುವುದು ಕರೆಂಟಿನಲ್ಲಿ. ಅತ್ತಿಗೆಯ ಬೆರಳಿಗೆ ಕ್ಲಿಪ್ಪಿನ ಹಾಗೆ ಸಿಕ್ಕಿಸುವ ಮೀಟರೊಂದಿದೆ. ತೊಂಬತ್ತರ ಮೇಲಿದ್ದರೆ ಚಿಂತೆಯಿಲ್ಲ, ಎಂಬತ್ತೈದಕ್ಕಿಂತ ಕೆಳಗಿಳಿದರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಮಿಷನ್ನು ತೆಗೆದರೆ ಕಾಲು ಗಂಟೆಯೊಳಗೆ ಆ ನಂಬರು ಜಾರಲು ಶುರುವಾಗುತ್ತದೆ.

ಇಂಥ ಸಮಯಕ್ಕೆಂದೇ ಒಂದು ಸಿಲಿಂಡರು ಇತ್ತು. ಇತ್ತು ಅಂದರೆ ಟಿ. ನರಸೀಪುರದ ಅವರ ಮನೆಯ ಮೂಲೆಯಲ್ಲಿ, ಖಾಲಿಯಾಗಿ, ಮೇಲೊಂದು ಟವಲು ಹೊದ್ದುಕೊಂಡು ನಿಂತಿತ್ತು. ಅದನ್ನು ತುಂಬಿಸಬೇಕಾದವರು ಅತ್ತಿಗೆಯ ಗಂಡ, ನಮ್ಮ ಭಾವ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ತಪಾಸಣೆಗೆ ಹೋಗಿಬರಲು ಅನುಕೂಲವೆಂದು ಒಂದು ತಿಂಗಳಿಗೆ ನಂಜನಗೂಡಿನ ನಮ್ಮ ಮನೆಗೆ ಬಂದಾಗ ನಾನೇ ಕೇಳಿದ್ದೆ, ಸಿಲಿಂಡರು ಎಲ್ಲಿ ಭಾವ ಎಂದು.

"ನಂಜನಗೂಡಲ್ಲಿ ಕರೆಂಟು ಇರತ್ತಲ್ಲಮ್ಮಾ," ಅಂದಿದ್ದರು.

ಇರುತ್ತದೆ. ವಿಜ್ಞಾನಿಗಳ ಮಾತು ಸುಳ್ಳಾಗುವುದುಂಟೇ.

ನಮ್ಮ ಮನೆಯ ಯುಪಿಎಸ್‌ಗೆ ಎರಡು ದೀಪ, ಒಂದು ಫ್ಯಾನು ಹೊರುವಷ್ಟೇ ಶಕ್ತಿ. ಮಿಷನ್ನನ್ನು ಸಿಕ್ಕಿಸಿದರೆ ಒಂದು ಸಲ ಕೀ ಎಂದು ಕೂಗಿ ಮಲಗಿಬಿಡುತ್ತದೆ. ಭಾವ ಮೈಸೂರಿನ ಸಿಲಿಂಡರಿನವನಿಗೆ ಫೋನು ಮಾಡಿದರು. ಎರಡು ಗಂಟೆಗೆ ತಂದುಕೊಡುತ್ತೇನೆ, ಅದಕ್ಕೆ ಮುಂಚೆ ಆಗುವುದಿಲ್ಲ ಎಂದ. ಹತ್ತರಿಂದ ಎರಡು. ನಾಲ್ಕು ಗಂಟೆ ಕಾಲ ಅತ್ತಿಗೆಯ ಉಸಿರಿಗೆ ಏನಾದರೂ ದಾರಿ ಹುಡುಕಬೇಕಿತ್ತು.

"ಕಾರಿದೆಯಲ್ಲ," ಎಂದರು ನನ್ನ ಗಂಡ. ಅವರದು ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಆ ವಾರ ಎರಡನೇ ಶಿಫ್ಟು, ಹಾಗಾಗಿ ಮನೆಯಲ್ಲಿದ್ದರು. ಅದೂ ಒಂದು ದಯೆಯೇ, ಅವರು ಮನೆಯಲ್ಲಿದ್ದಾಗ ಮನೆಯಲ್ಲಿರುವುದು ಕಷ್ಟವಾದರೂ. ಅತ್ತಿಗೆಯನ್ನು ಮೈಸೂರಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೂ ಮಿಷನ್ನು ಓಡಲೆಂದು ಅವರು ಒಂದು ಡಬ್ಬಿ ತಂದಿಟ್ಟಿದ್ದರು. ಅದನ್ನು ಕಾರಿನ ಬ್ಯಾಟರಿಗೆ ಕಚ್ಚಿಸಿದರೆ ಮನೆಯಂಥದೇ ಕರೆಂಟು ಕೊಡುತ್ತದೆ. ಅದನ್ನು ತಂದ ದಿನ ದುಡ್ಡು ದಂಡ ಎಂದು ನಾನು ಮುಖ ಗಂಟಿಕ್ಕಿದ್ದೆ. ಈಗ ಆ ಮುಖವನ್ನು ವಾಪಸು ತೆಗೆದುಕೊಂಡೆ.

ಕಾರನ್ನು ಮನೆ ಮುಂದಿನ ಅಂಗಳಕ್ಕೆ ತಂದು, ಕಿಟಕಿಯಿಂದ ವೈರು ಎಳೆದು, ಇಂಜಿನ್ನು ಶುರುಮಾಡಿದರು. ಭಾವ ನಿಂತು ದಾರಿ ತೋರಿಸಿದ್ದರಿಂದ ಕಾರಿನ ಹಿಂಭಾಗ ಸರಿಯಾಗಿ ನಡುಮನೆಯ ಕಿಟಕಿಗೆ ಬಂದು ನಿಂತಿತ್ತು. ಹೊಗೆಯೆಲ್ಲ ಸೀದಾ ಅತ್ತಿಗೆಯ ಮೂಗಿಗೆ.

"ರೀ, ನನಗೆ ಗಾಳಿ ಕೊಡ್ತೀರೋ ಹೊಗೆ ಕೊಡ್ತೀರೋ, ಒಂದು ಹೇಳಿ," ಎಂದರು ಅತ್ತಿಗೆ ಒಳಗಿಂದ. ಅವರಿಗೆ ಉಸಿರು ಕಡಿಮೆ, ಹಾಗಾಗಿ ಮಾತನ್ನು ಅಳೆದು ಆಡುತ್ತಾರೆ. ಅಳೆದದ್ದರಲ್ಲಿ ಸಿಹಿ ಇರುವುದಿಲ್ಲ.

ಕಾರನ್ನು ತಿರುಗಿಸಿ, ಮೂತಿ ಮನೆಯ ಕಡೆ, ಹೊಗೆ ಬೀದಿಯ ಕಡೆ ಮಾಡಿ ನಿಲ್ಲಿಸಿದರು. ಹತ್ತು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಆ ಒಂದು ವಿಷಯದಲ್ಲಿ ಕರೆಂಟಿನವರು ಮಾತಿಗೆ ತಪ್ಪುವುದಿಲ್ಲ. ಮಿಷನ್ನು ಕಾರಿನ ಮೇಲೆ ಓಡತೊಡಗಿತು. ಬೆರಳ ಮೀಟರು ತೊಂಬತ್ತಮೂರು.

ಇನ್ನೊಂದು ನಂಬರು ಕಾರಿನೊಳಗಿತ್ತು. ಸ್ಟೀರಿಂಗಿನ ಪಕ್ಕದ ತೂತಿಗೆ ಸಿಕ್ಕಿಸಿದ ಫೋನ್ ಚಾರ್ಜರು ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ಕೆಂಪಕ್ಷರದಲ್ಲಿ ತೋರಿಸುತ್ತದೆ. ಆಗ ಹನ್ನೆರಡು ಪಾಯಿಂಟ್ ನಾಲ್ಕು. ಅದು ಇಳಿದುಹೋದರೆ ಮಿಷನ್ನೂ ನಿಲ್ಲುತ್ತದೆ, ಕಾರೂ ಮತ್ತೆ ಶುರುವಾಗುವುದಿಲ್ಲ, ಆಸ್ಪತ್ರೆಗೆ ಹೋಗುವ ದಾರಿಯೂ ಮುಚ್ಚುತ್ತದೆ. ಆಂಬುಲೆನ್ಸಿನ ನಂಬರನ್ನು ನನ್ನ ಗಂಡ ಫೋನಿನಲ್ಲಿ ತೆಗೆದಿಟ್ಟುಕೊಂಡರು. ಎಂಬತ್ತೈದಕ್ಕೆ ಬಂದರೆ ಒತ್ತುವುದು ಎಂದು ಮಾತಾಯಿತು.

ಅರ್ಧ ಗಂಟೆಯಾಗುವ ಹೊತ್ತಿಗೆ ಹನ್ನೆರಡು ಪಾಯಿಂಟ್ ನಾಲ್ಕು ಹೋಗಿ ಹನ್ನೊಂದು ಪಾಯಿಂಟ್ ಒಂಬತ್ತಾಗಿತ್ತು. ಕಾರಿನ ಮೀಟರಿನ ಪಟ್ಟಿಯಲ್ಲಿ ಬ್ಯಾಟರಿಯ ಚಿತ್ರವಿರುವ ಒಂದು ಕೆಂಪು ದೀಪ ಹತ್ತಿಕೊಂಡಿತ್ತು.

"ಅಕ್ಸಿಲರೇಟರ್ ಒತ್ತಬೇಕು ಕಣಪ್ಪಾ," ಎಂದರು ಭಾವ. "ಆಲ್ಟರ್ನೇಟರ್ ಅಂದ್ರೆ ಏನು? ಕಾಯಿಲ್, ಮ್ಯಾಗ್ನೆಟ್ಟು. ವೇಗವಾಗಿ ತಿರುಗಿದಷ್ಟೂ ಕರೆಂಟು ಜಾಸ್ತಿ. ಎಂಟನೇ ಕ್ಲಾಸಿನ ಪಾಠ."

"ಸುಮ್ನೆ ಪೆಟ್ರೋಲ್ ಸುಡೋದು ಯಾಕೆ ಭಾವ? ಇಂಜಿನ್ ಓಡ್ತಾ ಇದೆಯಲ್ಲ, ಚಾರ್ಜ್ ಆಗೇ ಆಗತ್ತೆ."

"ಆಗಿದ್ರೆ ನಂಬರು ಯಾಕೆ ಇಳೀತಿದೆ?"

"ಆ ಚಾರ್ಜರು ಚೈನಾದ್ದು."

ಪೆಟ್ರೋಲಿನ ವಿಷಯದಲ್ಲಿ ನನ್ನ ಗಂಡನದು ವ್ರತ. ಇಳಿಜಾರು ಬಂದರೆ ಇಂಜಿನ್ನು ಬಂದ್, ಊರೊಳಗೆ ನಡೆಯುವವರ ಜೊತೆ ಜೊತೆಗೆ ಕಾರು. ತಾಂಡ್ಯಕ್ಕೆ ಹೋಗುವಾಗ ಅವರನ್ನು ಸೈಕಲ್ಲಿನವರು ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಾರೆ. ಭಾವನವರದು ಇನ್ನೊಂದು ವ್ರತ, ತಾವು ಹೇಳಿದ್ದನ್ನು ಪ್ರಯೋಗ ಮಾಡಿ ತೋರಿಸುವುದು. ಬಾಗಿಲು ತೆಗೆದು, ನನ್ನ ಗಂಡನನ್ನು ಎಬ್ಬಿಸಿ, ತಾವು ಕೂತು ಒತ್ತಿದರು. ಇಂಜಿನ್ನು ಕಿರುಚಿತು. ಬೀದಿನಾಯಿಗಳು ಎದ್ದು ನಿಂತವು. ಪಕ್ಕದ ಮನೆಯಾಕೆ ಮತ್ತೆ ಇಣುಕಿದರು.

ನಂಬರು ಏರಲಿಲ್ಲ. ಹನ್ನೊಂದು ಪಾಯಿಂಟ್ ಎಂಟು.

ಅದರ ಬದಲು ಒಂದು ವಾಸನೆ ಬಂತು. ರಬ್ಬರು ಸುಟ್ಟಂಥದು, ಅದರ ಜೊತೆಗೆ ಇನ್ನೊಂದು. ಆ ಇನ್ನೊಂದು ವಾಸನೆಯನ್ನು ನಾನು ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲೆ. ಹರಳೆಣ್ಣೆ ಕಾದ ವಾಸನೆ.

ಈಗ ನಾನು ಮಾಡಿದ ಘನಕಾರ್ಯವನ್ನು ಹೇಳಬೇಕು. ಹಿಂದಿನ ವಾರ ನನ್ನ ಗಂಡನದು ಮೊದಲನೇ ಶಿಫ್ಟು. ಬೆಳಿಗ್ಗೆ ಚಳಿಯಲ್ಲಿ ಕಾರು ಶುರುಮಾಡಿದರೆ ಸಾಕು, ಬಾನೆಟ್ಟಿನೊಳಗಿಂದ ಕುಯ್ಯೋ ಎಂಬ ಕೂಗು. ಧನುರ್ಮಾಸದಲ್ಲಿ ಬೇಗ ಎದ್ದು ರಂಗೋಲಿ ಹಾಕುವ ಹೆಂಗಸರೆಲ್ಲ ನಮ್ಮ ಮನೆಯ ಕಡೆ ತಿರುಗಿ ನೋಡುತ್ತಿದ್ದರು. ಪಕ್ಕದ ಮನೆಯಾಕೆಯಂತೂ, "ನಿಮ್ಮನೆ ಕಾರು ಇರೋದ್ರಿಂದ ನಮಗೆ ಅಲಾರಂ ಖರ್ಚಿಲ್ಲ ಕಣ್ರೀ," ಎಂದು ಹೇಳಿ ಹೋಗಿದ್ದರು. ನಮ್ಮ ಮನೆಯಲ್ಲಿ ಕಿರುಗುಟ್ಟುವ ಯಾವುದನ್ನೂ ನಾನು ಬಿಟ್ಟವಳಲ್ಲ. ಗೇಟು, ಉಯ್ಯಾಲೆ, ಬೀರುವಿನ ಬಾಗಿಲು, ಹೊಲಿಗೆ ಮಿಷನ್ನು, ಎಲ್ಲಕ್ಕೂ ನನ್ನ ಕೈಯ ಹರಳೆಣ್ಣೆ ಬಿದ್ದಿದೆ. ಮನುಷ್ಯರನ್ನು ಮಾತ್ರ ಬಿಟ್ಟಿದ್ದೇನೆ. ಆ ವಾರದ ಕೊನೆಗೆ ಒಂದು ಸಂಜೆ ನನ್ನ ಗಂಡ ಬಾನೆಟ್ಟು ತೆಗೆದು ನೀರು ಹಾಕುತ್ತಿದ್ದಾಗ ಫೋನು ಬಂದು ಒಳಗೆ ಹೋದರು. ಅಲ್ಲೊಂದು ಕಪ್ಪು ಬೆಲ್ಟು, ಮೂರು ಚಕ್ರಗಳನ್ನು ಸುತ್ತಿಕೊಂಡು ಕೂತಿತ್ತು. ಕೂಗುವುದು ಇದೇ ಇರಬೇಕು ಎಂದುಕೊಂಡೆ. ದೇವರ ಮನೆಯ ಸೌಟಿನಲ್ಲಿ ತಂದು ಒಳಮುಖ ಹೊರಮುಖ ಎರಡಕ್ಕೂ ಧಾರಾಳವಾಗಿ ಅಭಿಷೇಕ ಮಾಡಿದೆ. ಮಾರನೆಯ ಬೆಳಿಗ್ಗೆ ಕಾರು ಕೂಗಲಿಲ್ಲ.

"ನೋಡಿದ್ಯಾ, ತಾನಾಗೇ ಸರಿಹೋಯ್ತು," ಎಂದಿದ್ದರು ನನ್ನ ಗಂಡ. ನಾನು ಬಾಯಿಬಿಟ್ಟಿರಲಿಲ್ಲ. ಸದ್ದಿಲ್ಲದೆ ಉಪಕಾರ ಮಾಡಿದರೆ ಪುಣ್ಯ ಹೆಚ್ಚು ಎಂದು ಕೇಳಿದ್ದೆ.

ಈಗ ಅಂಗಳದಲ್ಲಿ ಆ ಪುಣ್ಯದ ವಾಸನೆ ಬರುತ್ತಿತ್ತು. ನನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಆದರೂ ಆ ವಾಸನೆಯ ಮೂಲ ಯಾರೆಂದು ಗೊತ್ತಿತ್ತು. ಆಗ ನಾನು ನಮ್ಮೂರ ಶ್ರೀಕಂಠೇಶ್ವರನ ಮುಂದೆ ಇಟ್ಟ ಬೇಡಿಕೆಯಷ್ಟು ನಾಚಿಕೆಗೇಡಿನದನ್ನು ಜೀವಮಾನದಲ್ಲಿ ಇಟ್ಟಿಲ್ಲ. ಸ್ವಾಮಿ, ತಪ್ಪು ಭಾವನದೇ ಆಗಿರಲಿ ಎಂದು ಕೇಳಿಕೊಂಡೆ.

ಒಳಗೆ ಹೋಗಿ ನೋಡಿದೆ. ಅತ್ತಿಗೆಯ ನಂಬರು ತೊಂಬತ್ತಮೂರೇ ಇತ್ತು.

"ಏನು ನಡೀತಿದೆ ಹೊರಗೆ?"

"ಏನಿಲ್ಲ ಅತ್ತಿಗೆ. ಭಾವ ಪಾಠ ಮಾಡ್ತಿದಾರೆ."

"ಹಾಗಾದ್ರೆ ನನ್ನ ಕತೆ ಮುಗೀತು," ಎಂದರು.

ನನ್ನ ಗಂಡ ಅಷ್ಟರಲ್ಲಿ ಕಾರಿನ ಎಲೆಕ್ಟ್ರಿಕ್ ಕೆಲಸ ಮಾಡುವವನಿಗೆ ಫೋನು ಹಚ್ಚಿದ್ದರು. ಹೆಮ್ಮಿಗೆಯವನು, ನಂಜನಗೂಡಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಆವತ್ತು ಅವನು ಬನ್ನೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಸ್ಪೀಕರಿನಲ್ಲಿ ಅವನ ದನಿ ಅಂಗಳಕ್ಕೆಲ್ಲ ಕೇಳಿಸುತ್ತಿತ್ತು.

"ಸಾ, ನಾನು ಬರಕ್ಕೆ ಮದ್ಯಾನ ಆಯ್ತದೆ. ಏನಾಗದೆ ಯೋಳಿ."

ನನ್ನ ಗಂಡ ಎಲ್ಲ ಹೇಳಿದರು. ಮಿಷನ್ನು, ಡಬ್ಬಿ, ಇಳಿಯುತ್ತಿರುವ ನಂಬರು, ಕೆಂಪು ದೀಪ. ಭಾವ ನಡುವೆ ಬಾಯಿ ಹಾಕಿ ತಮ್ಮ ಎಂಟನೇ ಕ್ಲಾಸಿನ ಪಾಠವನ್ನೂ ಒಪ್ಪಿಸಿದರು.

"ಮೇಷ್ಟ್ರು ಯೋಳದು ಅರ್ದ ಸರಿ," ಎಂದ ಅವನು. "ಸಾ, ನೀವು ಸೈಕಲ್ ಡೈನಮೋ ನೋಡಿದೀರಲ್ಲ. ನಿದಾನಕ್ಕೆ ತುಳುದ್ರೆ ಲೈಟು ಮಂಕು, ಜೋರಾಗಿ ತುಳುದ್ರೆ ಬೆಳಕು. ಇದೂ ಅಂಗೇಯ. ಇಂಜಿನ್ನು ಸುಮ್ನೆ ನಿಂತ್ಕಂಡು ಗುರುಗುಟ್ತಾ ಇದ್ರೆ ಆಲ್ಟರ್ನೇಟ್ರು ಕೊಡದು ಸ್ವಲ್ಪ. ನಿಮ್ ಮಿಷನ್ನು ತಿನ್ನೋದು ಜಾಸ್ತಿ. ಕೊರತೆ ಬಿದ್ದದ್ನ ಬ್ಯಾಟ್ರಿ ಕೊಡ್ತದೆ, ಕೊಟ್ಟು ಕೊಟ್ಟು ಸೊರಗ್ತದೆ."

ಭಾವ ನನ್ನ ಗಂಡನ ಕಡೆ ನೋಡಿದ ನೋಟಕ್ಕೆ ಒಂದು ಪೆಟ್ರೋಲ್ ಬಂಕು ಹತ್ತಿಕೊಳ್ಳುತ್ತಿತ್ತು.

"ಆದ್ರೆ ಮೇಷ್ಟ್ರೇ, ಕಿರುಚಿಸಿದ್ರೂ ಪ್ರಯೋಜ್ನ ಇಲ್ಲ. ಇಂಜಿನ್ ಸುತ್ತು ತೋರ್ಸೋ ಮೀಟ್ರು ಎರಡ್ರ ತಾವ, ಅಂದ್ರೆ ಎರಡು ಸಾವಿರದ ತಾವ ನಿಂತ್ರೆ ಅದು ಕೊಡೋದ್ನೆಲ್ಲ ಹೆಚ್ಚುಕಮ್ಮಿ ಕೊಟ್ಬುಡ್ತದೆ. ಆಮೇಲೆ ನಾಕಕ್ಕೆ ಓದ್ರೂ ಐದಕ್ಕೆ ಓದ್ರೂ ಅಷ್ಟೇಯ. ವೋಲ್ಟೇಜ್ ಮೇಲಕ್ಕೆ ಓಗದಂಗೆ ಒಳಗೇ ಕಟ್ಟಾಕಿರ್ತಾರೆ."

ಈಗ ನನ್ನ ಗಂಡ ಭಾವನ ಕಡೆ ನೋಡಿದರು.

"ಅಲ್ಲಯ್ಯಾ, ನಾನು ಅಷ್ಟೊತ್ತು ಒತ್ತಿದ್ರೂ ಒಂದು ಚೂರೂ ಏರ್ಲಿಲ್ಲವಲ್ಲ," ಎಂದರು ಭಾವ.

"ಅಂಗಾರೆ ಇಂಜಿನ್ನು ತಿರುಗ್ತಾ ಅದೆ, ಆಲ್ಟರ್ನೇಟ್ರು ತಿರುಗ್ತಾ ಇಲ್ಲ. ಇವೆರಡಕ್ಕೂ ನೆಂಟಸ್ತಿಕೆ ಒಂದೇ ಒಂದು ಬೆಲ್ಟು. ಬೆಲ್ಟು ಜಾರುದ್ರೆ ಇಂಜಿನ್ನು ಎಷ್ಟು ಬಡ್ಕಂಡ್ರೂ ಅದಕ್ಕೆ ಗೊತ್ತಾಗಕಿಲ್ಲ." ಆಮೇಲೆ ಕೇಳಿದ. "ಸಾ, ಬೆಲ್ಟಿಗೆ ಯಾರಾರ ಏನಾರ ಆಕಿದ್ರಾ? ಗ್ರೀಸು, ಆಯ್ಲು?"

"ಛೆ, ಯಾರು ಹಾಕ್ತಾರಯ್ಯ? ತಲೆ ಕೆಟ್ಟಿರೋರಾ?" ಎಂದರು ನನ್ನ ಗಂಡ.

"ಸೀಲ್ ಒಡೆದು ಇಂಜಿನ್ ಆಯಿಲ್ ಲೀಕ್ ಆಗಿರಬೇಕು," ಎಂದರು ಭಾವ.

"ಅಂಗಾಗಿದ್ರೆ ನೀವು ಮುಟ್ಬೇಡಿ ಸಾ. ಇಂಜಿನ್ ಆಫ್ ಮಾಡಿ. ನಾನು ಬರೋಗಂಟ ಅಮ್ಮಾರಿಗೆ ಬೇರೆ ಏನಾರ ದಾರಿ ನೋಡಿ."

ಆಯಿತಲ್ಲ. ನನ್ನ ಪ್ರಾರ್ಥನೆ ಫಲಿಸಿತ್ತು. ತಪ್ಪು ಸೀಲಿನದು, ಆಯಿಲಿನದು, ಕಾರು ಮಾಡಿದವನದು. ನಾನು ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ಬೇರೆ ದಾರಿ ಅಂದರೆ ಮಾತ್ರ ಒಳಗಿನ ಮಂಚದ ಮೇಲಿನ ಜೀವ ಎರಡು ಗಂಟೆಯವರೆಗೆ ಸಿಲಿಂಡರಿನ ದಾರಿ ಕಾಯುವುದು. ನಾನು ಕಣ್ಣಾರೆ ಕಂಡ ದಯೆಗಳಲ್ಲಿ ಇದು ಎಲ್ಲಕ್ಕಿಂತ ದುಬಾರಿಯದು.

"ಹರಳೆಣ್ಣೆ," ಎಂದೆ.

"ಏನು?"

"ಹರಳೆಣ್ಣೆ ಹಾಕಿದ್ದೆ. ಬೆಲ್ಟಿಗೆ. ಕೂಗ್ತಿತ್ತಲ್ಲ, ಅದಕ್ಕೆ."

ಬನ್ನೂರಿನಲ್ಲಿ ಟ್ರ್ಯಾಕ್ಟರಿನ ಕೆಳಗೆ ಯಾರೋ ನಕ್ಕರು. ನಮ್ಮ ಅಂಗಳದಲ್ಲಿ ಯಾರೂ ನಗಲಿಲ್ಲ.

"ಎಷ್ಟು ಆಕಿದ್ರಕ್ಕಾ?" ಎಂದು ಕೇಳಿದ ಅವನು.

"ಎರಡು ಸೌಟು."

"ನೀನೇನು ಕಾರಿಗೆ ಬಾಣಂತನ ಮಾಡ್ತಿದ್ಯಾ?" ಎಂದರು ನನ್ನ ಗಂಡ.

"ಬಯ್ಯಬೇಡಿ ಸಾ. ಅಕ್ಕ ಯೋಳಿದ್ದು ಒಳ್ಳೇದೇ ಆಯ್ತು. ಲೀಕ್ ಅಲ್ಲ ಅಂದ್ಮೇಲೆ ತೊಳುದ್ರೆ ಸಾಕು. ಬೆಲ್ಟು ಕೆಟ್ಟಂಗೇಯ, ನಾಳೆ ಹೊಸದಾಕ್ತೀನಿ. ಈಗ ಎಣ್ಣೆ ಬುಡಿಸಿದ್ರೆ ಸಂಜೆಗಂಟ ಎಳೀತದೆ. ಇಂಜಿನ್ ಆಫ್ ಮಾಡಿ, ಕೀ ತಗ್ದು ಜೇಬಿಗಾಕ್ಕಳಿ. ಸೋಪಿನ ನೀರಲ್ಲಿ ಬೆಲ್ಟು, ಚಕ್ರಗಳ ಗೆರೆ ಎಲ್ಲಾನೂ ಉಜ್ಜಿ. ಒಂದು ಕಡೆ ಉಜ್ಜಿದ ಮ್ಯಾಲೆ ಗೇರಿಗೆ ಆಕಿ ಕಾರ್ನ ಒಸಿ ತಳ್ಳಿ, ಬೆಲ್ಟಿನ ಇನ್ನೊಂದು ಕಡೆ ಮುಂದಕ್ಕೆ ಬತ್ತದೆ. ಒಣಬಟ್ಟೇಲಿ ಒರೆಸಿ ಆಮೇಲೆ ಸ್ಟಾರ್ಟ್ ಮಾಡಿ."

"ಆಫ್ ಮಾಡಿ ಮಿಷನ್ನು ಬ್ಯಾಟರಿ ಮೇಲೇ ಬಿಡಬಹುದಾ?"

"ಬುಟ್ರೆ ಆಮೇಲೆ ಕಾರು ಸ್ಟಾರ್ಟ್ ಆಗಕಿಲ್ಲ ಸಾ. ಅದ್ರಲ್ಲಿ ಉಳ್ದಿರೋದೇ ಅಷ್ಟು."

ಅಂದರೆ ಉಜ್ಜಿ ಮುಗಿಯುವವರೆಗೆ ಅತ್ತಿಗೆಗೆ ಮಿಷನ್ನಿಲ್ಲ. ಮೂವರೂ ಒಳಗೆ ಹೋಗಿ ಮಂಚದ ಸುತ್ತ ನಿಂತೆವು. ಕಿಟಕಿ ತೆರೆದೇ ಇದ್ದುದರಿಂದ ಅವರಿಗೆ ಎಲ್ಲವೂ ಕೇಳಿಸಿತ್ತು. ಹೇಗೆ ಹೇಳುವುದೆಂದು ನನ್ನ ಗಂಡ ತಡವರಿಸುವಾಗಲೇ ಅತ್ತಿಗೆ ತಾವೇ ಟ್ಯೂಬನ್ನು ಮೂಗಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಿಂತ್ಕೊಂಡು ನನ್ನ ಮುಖ ಏನು ನೋಡ್ತೀರಿ? ಹೋಗಿ ಉಜ್ಜಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಸೋಪಿನ ಪುಡಿ ಬೇಡ ಕಣೇ. ಹರಳೆಣ್ಣೆ ಅದಕ್ಕೆಲ್ಲ ಬಗ್ಗಲ್ಲ. ಸೀಗೇಪುಡಿ ತಗೋ."

ಎಣ್ಣೆ ಸ್ನಾನದ ವಿಷಯದಲ್ಲಿ ಅವರ ಮಾತು ಕೋರ್ಟಿನ ತೀರ್ಪಿದ್ದ ಹಾಗೆ. ಒಂದು ಬೋಸಿ ಬಿಸಿನೀರು, ಅರ್ಧ ಡಬ್ಬ ಸೀಗೇಪುಡಿ, ಹಳೆಯ ಪಂಚೆಯ ಚೂರುಗಳು. ನಾನು ಬೆಲ್ಟು, ನನ್ನ ಗಂಡ ಚಕ್ರಗಳು. ಬೆಲ್ಟಿನ ಒಳಮುಖಕ್ಕೆ ಉದ್ದುದ್ದ ಗೆರೆಗಳಿದ್ದವು, ಒಂದೊಂದು ಗೆರೆಯಲ್ಲೂ ನನ್ನ ಭಕ್ತಿ ತುಂಬಿಕೊಂಡಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿ ತೀಡಿದೆ. ಭಾವನಿಗೆ ಅತ್ತಿಗೆಯ ಪಕ್ಕ ಕೂತು ಬೆರಳ ಮೀಟರು ನೋಡಿ ಕೂಗುವ ಕೆಲಸ.

"ತೊಂಬತ್ತೊಂದು," ಎಂದರು ಕಿಟಕಿಯಿಂದ.

ಒಂದು ಕಡೆ ಮುಗಿಯಿತು. ಕಾರು ತಳ್ಳಬೇಕು. ನನ್ನ ಗಂಡನ ಸೊಂಟ ನನ್ನದಕ್ಕಿಂತ ಹಳೆಯದು. ಪಕ್ಕದ ಮನೆಯಾಕೆ ಕರೆಯದೆಯೇ ಬಂದು ಹಿಂದುಗಡೆ ಕೈ ಕೊಟ್ಟರು. "ಇನ್ನು ಮೇಲೆ ಅಲಾರಂ ನಾನೇ ತಗೋತೀನಿ ಬಿಡಿ," ಎಂದರು ತಳ್ಳುತ್ತ. ಕಾರು ಗೇಣುದ್ದ ಸರಿಯಿತು, ಬೆಲ್ಟಿನ ಹೊಸ ಭಾಗ ಮೇಲಕ್ಕೆ ಬಂತು.

"ಎಂಬತ್ತೊಂಬತ್ತು."

ಇನ್ನೊಂದು ಸಲ ಉಜ್ಜಿ, ಇನ್ನೊಂದು ಸಲ ತಳ್ಳಿದೆವು. ಚಳಿಗಾಲದ ಬೆಳಿಗ್ಗೆ ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ಭಾವ ನಂಬರು ಕೂಗುವುದನ್ನು ನಿಲ್ಲಿಸಿದರು.

"ಎಷ್ಟು ಭಾವ?"

"ಎಂಬತ್ತಾರು," ಎಂದರು ಸಣ್ಣ ದನಿಯಲ್ಲಿ. ಕಿಟಕಿಯಿಂದ ನೋಡಿದೆ. ಅತ್ತಿಗೆ ದಿಂಬಿಗೆ ಒರಗದೆ ಮುಂದಕ್ಕೆ ಬಾಗಿ ಕೂತು, ಡಾಕ್ಟರು ಕಲಿಸಿದಂತೆ ತುಟಿ ಚೂಪು ಮಾಡಿ ಒಲೆ ಊದುವ ಹಾಗೆ ಉಸಿರು ಬಿಡುತ್ತಿದ್ದರು. ಭಾವ ಅವರ ಕೈ ಹಿಡಿದುಕೊಂಡಿದ್ದರು. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ಈಗ ಅವರ ಜೊತೆಗೇ ತುಟಿ ಚೂಪು ಮಾಡಿ ಉಸಿರು ಬಿಡುತ್ತಿದ್ದರು. ಆಗ ಮಾತ್ರ ನನಗೆ ಅವರನ್ನು ಏನೂ ಅನ್ನಬೇಕೆನಿಸಲಿಲ್ಲ.

ಒಣಬಟ್ಟೆ ತೆಗೆದುಕೊಂಡು ಬೆಲ್ಟನ್ನು ಕೊನೆಯ ಸಲ ಒರೆಸಿದೆ. ಬೆರಳಿಗೆ ಜಿಡ್ಡು ಹತ್ತಲಿಲ್ಲ. ನನ್ನ ಗಂಡ ಒಂದು ಕೈಯಲ್ಲಿ ಆಂಬುಲೆನ್ಸಿನ ನಂಬರು ತೆರೆದ ಫೋನು ಹಿಡಿದೇ ಕೀ ತಿರುಗಿಸಿದರು. ಇಂಜಿನ್ನು ಕೆಮ್ಮಿತು. ಎರಡನೇ ಸಲ ನಿಧಾನವಾಗಿ ಮುಲುಗಿತು. ನಾನು ಬಾನೆಟ್ಟಿನ ಮುಂದೆ ಸೀಗೇಪುಡಿಯ ಕೈ ಜೋಡಿಸಿಕೊಂಡು ನಿಂತಿದ್ದೆ. ಮೂರನೇ ಸಲಕ್ಕೆ ಹತ್ತಿಕೊಂಡಿತು, ಜೊತೆಗೇ ಕುಯ್ಯೋ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿತು. ಬೆಲ್ಟು ಹಿಡಿದಿತ್ತು.

ಮಿಷನ್ನಿಗೆ ಕೂಡಲೇ ಕರೆಂಟು ಕೊಟ್ಟೆವು. ಇಂಜಿನ್ನಿನ ಮೀಟರು ಒಂದರ ಕೆಳಗಿದ್ದಾಗ ಚಾರ್ಜರಿನ ನಂಬರು ಹನ್ನೆರಡರ ಹತ್ತಿರ. ನನ್ನ ಗಂಡ ಸ್ವಲ್ಪ ಒತ್ತಿ ಮುಳ್ಳನ್ನು ಎರಡಕ್ಕೆ ತಂದರು. ನಂಬರು ಹನ್ನೆರಡು ದಾಟಿ, ಹದಿಮೂರು ದಾಟಿ, ಹದಿಮೂರು ಪಾಯಿಂಟ್ ಆರಕ್ಕೆ ನಿಂತಿತು. ಕೆಂಪು ದೀಪ ಆರಿತು. ಭಾವ ಕಿಟಕಿಯಿಂದಲೇ, "ಒಂದ್ಸಲ ನಾಲ್ಕಕ್ಕೆ ಒತ್ತಿ ನೋಡು," ಎಂದರು. ಇವರು ಒತ್ತಿ ನೋಡಿದರು. ಹದಿಮೂರು ಪಾಯಿಂಟ್ ಏಳು. ಅಷ್ಟು ಕಿರುಚಾಟಕ್ಕೆ ಒಂದು ಪಾಯಿಂಟು ಕೂಲಿ. ಕಿರುಚಿದರೇ ಕೆಲಸವಾಗುವುದು ಎಂದುಕೊಂಡಿರುವ ನಮ್ಮ ಬೀದಿಯ ಕೆಲವು ದೊಡ್ಡವರು ಇದನ್ನು ಕಣ್ಣಾರೆ ನೋಡಬೇಕಿತ್ತು.

ಎಂಬತ್ತಾರು ಎಂಬತ್ತೆಂಟಾಯಿತು, ತೊಂಬತ್ತಾಯಿತು. ಹನ್ನೊಂದೂವರೆಗೆ ತೊಂಬತ್ತೆರಡು. ನನ್ನ ಗಂಡ ಆಂಬುಲೆನ್ಸಿನ ನಂಬರನ್ನು ಮುಚ್ಚಿದರು.

ಈಗ ಉಳಿದದ್ದು ಮುಳ್ಳನ್ನು ಎರಡರ ಮೇಲೆ ನಿಲ್ಲಿಸುವ ಕೆಲಸ. ನನ್ನ ಗಂಡನ ಕಾಲಿಗೆ ಪೆಟ್ರೋಲಿನ ಚಿಂತೆ, ತಾನಾಗಿಯೇ ಮೇಲೇಳುತ್ತಿತ್ತು. ಭಾವನ ಕಾಲು ಮೂರಕ್ಕೆ ಓಡುತ್ತಿತ್ತು. ಕೊನೆಗೆ ನಾನೇ ಕೂತೆ. ಕಾರು ಓಡಿಸಲು ನನಗೆ ಬರುವುದಿಲ್ಲ, ಆದರೆ ಹೊಲಿಗೆ ಮಿಷನ್ನು ತುಳಿದು ಎರಡು ಮಕ್ಕಳ ಬಟ್ಟೆ ಹೊಲಿದ ಕಾಲು ಇದು. ಬರಿಗಾಲಿನಲ್ಲಿ ಒತ್ತಿ ಹಿಡಿದುಕೊಂಡೆ. ಮುಳ್ಳು ಎರಡರ ಮೇಲೆ ಕೂತಿತು, ನಾನು ಬಾಯಲ್ಲಿ ಶಿವನಾಮ ಶುರುಮಾಡಿದೆ. ಜಪದ ನಡುವೆ ಮನಸ್ಸು ಅಲೆದರೆ ಮುಳ್ಳು ಕೆಳಗಿಳಿಯುತ್ತಿತ್ತು, ಹಾಗಾಗಿ ಅಲೆಯುವಂತಿರಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟು ಶ್ರದ್ಧೆಯ ಜಪ ನನ್ನಿಂದ ಆದದ್ದು ಅದೊಂದೇ ದಿನ. ದೇವರಿಗೆ ನನ್ನ ದೇವರ ಮನೆಗಿಂತ ಆ ಡ್ರೈವರ್ ಸೀಟೇ ಹಿಡಿಸಿರಬೇಕು.

ಸಿಲಿಂಡರಿನವನು ಎರಡು ಎಂದವನು ಎರಡೂವರೆಗೆ ಬಂದ. ಟ್ಯೂಬನ್ನು ಅದಕ್ಕೆ ಬದಲಾಯಿಸಿದ ಮೇಲೆ ಕಾರು ಬಂದ್ ಮಾಡಿದೆವು. ಇಳಿದು ನಿಂತರೆ ಬಲಗಾಲು ನನ್ನದಲ್ಲ ಅನ್ನುವಂತೆ ಜೋಮು ಹಿಡಿದಿತ್ತು. ನನ್ನ ಗಂಡ ಶಿಫ್ಟಿಗೆ ರಜೆ ಹೇಳಿದ್ದರು. ಕಾರಣ ಏನು ಕೊಟ್ಟಿರಿ ಎಂದು ಕೇಳಿದೆ. "ಹೆಂಡತಿ ಎಣ್ಣೆ ಹಾಕಿದ್ಲು ಅಂದೆ, ಅವರು ಮುಂದೆ ಕೇಳ್ಲಿಲ್ಲ," ಎಂದರು.

ಕುಂಟುತ್ತ ಒಳಗೆ ಹೋಗಿ ಅತ್ತಿಗೆಯ ಕಾಲ ಬಳಿ ಕೂತೆ. ತಪ್ಪಾಯಿತು ಎಂದು ಹೇಳಬೇಕಿತ್ತು, ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು.

"ಬೆಲ್ಟಿಗೆ ಯಾರಾದ್ರೂ ಏನಾದ್ರೂ ಹಾಕಿದ್ರಾ ಅಂತ ಅವನು ಕೇಳಿದಾಗ ಎಷ್ಟು ಹೊತ್ತು ಸುಮ್ನಿದ್ದೆ ನೀನು?"

"ಸ್ವಲ್ಪ ಹೊತ್ತು," ಎಂದೆ.

"ನಾನು ಇಲ್ಲಿಂದ ಎಣಿಸ್ತಿದ್ದೆ. ಹತ್ತು ಉಸಿರು." ಟ್ಯೂಬನ್ನು ಮೂಗಿಗೆ ಸರಿಮಾಡಿಕೊಂಡರು. "ನಾನಾಗಿದ್ರೆ ಹೇಳ್ತಾನೇ ಇರ್ಲಿಲ್ಲ ಕಣೇ."

ಅವರ ಬಾಯಿಂದ ನನಗೆ ಸಂದ ಹೊಗಳಿಕೆ ಅಷ್ಟೇ, ಮದುವೆಯಾಗಿ ಬಂದಾಗಿನಿಂದ. ಅವರ ಹೊದಿಕೆ ಸರಿಮಾಡಿದೆ. ಭಾವ ಪಕ್ಕದ ಕುರ್ಚಿಯಲ್ಲಿ ಸಿಲಿಂಡರಿನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು, ನರಸೀಪುರದ್ದನ್ನೂ ನಾಳೆಯೇ ತುಂಬಿಸಿ ತರುತ್ತೇನೆ ಎಂದು ಯಾರೂ ಕೇಳದೆ ಹೇಳಿದರು.

ನಾಲ್ಕೂಕಾಲಿಗೆ ಕರೆಂಟು ಬಂತು. ಮಿಷನ್ನು ಗೋಡೆಯ ಪ್ಲಗ್ಗಿಗೆ ಹೋಯಿತು, ಬೆರಳ ಮೀಟರು ತೊಂಬತ್ತನಾಲ್ಕು ತೋರಿಸಿತು. ಅತ್ತಿಗೆಗೆ ನಿದ್ದೆ ಹತ್ತುತ್ತಿತ್ತು.

"ಮೇಲಿನ ಟ್ಯಾಂಕಿಗೆ ಮೋಟರು ಹಾಕು. ಬೆಳಿಗ್ಗೆಯಿಂದ ನೀರೇರಿಸಿಲ್ಲ," ಎಂದರು.

ಹಿತ್ತಿಲಿಗೆ ಹೋಗಿ ಮೋಟರಿನ ಸ್ವಿಚ್ಚು ಒತ್ತಿ, ಪೈಪಿನಲ್ಲಿ ನೀರು ಏರುವ ಸದ್ದು ಬರುವವರೆಗೆ ಅಲ್ಲೇ ನಿಂತುಕೊಂಡೆ.